ಬನ್ನು ಮುರಿದ ಕೈ

...ಹಿರಿಯರ ಹತ್ತಿರ ಕ್ಷಮೆ ಕೇಳುವುದಂತೆ, ಕ್ಷಮೆ. ನೀನು ಯಾಕೆ ಕೇಳ್ಬೇಕು? ಕೂತುಕೋ ವಿನೋದಾ. ಆಸ್ಪತ್ರೆ ಡ್ಯೂಟಿ ಮುಗಿಸಿ ಸೀದಾ ಬಂದದ್ದಲ್ವಾ, ಕಾಲು ನೋಯ್ತಿರ್ಬಹುದು. ಕಾಫಿ ತರ್ಲಿಕ್ಕೆ ಹೇಳ್ಲಾ? ಬೇಡವಾ... ಸರಿ ಬಿಡು.

ನಾಳೆ ಆರಾಧನೆ ಮುಗಿದ ಮೇಲೆ ಹಿರಿಯರು ಕೂತು ನಿನ್ನ ಹೆಸರು ಸಭೆಯ ಪಟ್ಟಿಯಿಂದ ಹೊಡೆದು ಹಾಕ್ತಾರಂತೆ. ಈ ಮದ್ರಾಸಿನಲ್ಲಿ ಕನ್ನಡ ಕ್ರೈಸ್ತರು ಇರುವುದೇ ನಾಲ್ಕು ಮಂದಿ. ಅದರಲ್ಲೂ ಇವರಿಗೆ ಹೊರಗೆ ದಬ್ಬಲಿಕ್ಕೆ ಜನ ಬೇಕು.

ನೀನು ಮಾಡಿದ್ದಾದ್ರೂ ಎಂಥದು? ನಿಮ್ಮ ಆಸ್ಪತ್ರೆಯಲ್ಲೇ ತೀರಿಹೋದ ನನ್ನ ತಮ್ಮ ಬಾಬು, ಸಾಯುವ ಹೊತ್ತಿಗೆ ಕರ್ತನ ಭೋಜನ, ಆ ರೊಟ್ಟಿ-ದ್ರಾಕ್ಷಾರಸ, ಬೇಕು ಅಂತ ಅತ್ತ. ಪಾದ್ರಿ ಬರ್ಲಿಲ್ಲ. ನೀನು ಟೀ ಅಂಗಡಿಯ ಬನ್ನು ಮುರಿದು, ಚಹಾದಲ್ಲಿ ಅದ್ದಿ, ಪ್ರಾರ್ಥನೆ ಮಾಡಿ ಅವನ ಬಾಯಿಗಿಟ್ಟೆ. ಅಷ್ಟಕ್ಕೇ ಇವರಿಗೆ ಮೈಯೆಲ್ಲ ಉರಿ. ಗುರುದೀಕ್ಷೆ ಇಲ್ಲದವಳು, ನರ್ಸು, ಬನ್ನಂತೆ, ಚಹಾವಂತೆ... ಥೂ. ಯೇಸುಸ್ವಾಮಿಯೇ ಬಂದು ಕದ ತಟ್ಟಿದ್ರೂ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳುವ ಜನ. ಪೀಠದ ಹೊದಿಕೆ ಸುಕ್ಕಾದ್ರೆ ನಿದ್ದೆ ಬರುವುದಿಲ್ಲ ಇವರಿಗೆ. ಮನುಷ್ಯ ಸಾಯ್ತಿದ್ರೆ ಗೊರಕೆ.

ಬಾಬು ಕೊಲೆ ಮಾಡಿದ್ನಾ? ಟ್ರಾಮು ನಿಂತ ವರ್ಷ ಕಾಸಿಮೇಡಿನ ಬೆಸ್ತರ ಹುಡುಗಿಯನ್ನು ರಿಜಿಸ್ಟರ್ ಮದುವೆ ಆದ. ಪಟ್ಟಿಯಿಂದ ಅವನ ಹೆಸರೂ ಹೊಡೆದ್ರು. ನಾನು ಸಭೆಯ ಕಾರ್ಯದರ್ಶಿ, ನಾನೇ ಬರೆದೆ... ಹಾಂ, ಬರೆದೆ. ಅವರು ಹೇಳಿದ್ದು ಬರೀಬೇಕಲ್ಲ. ಹಾಗೆ ನೋಡ್ಬೇಡ.

ನೀನು ನಾಳೆ ಹೆದರದೆ ಎದ್ದು ನಿಲ್ಲು. ಬಾಬು ಕರೀತಿದ್ದಾನೆ, ಪಾದ್ರಿಗಳನ್ನು ಕರ್ಕೊಂಡು ಬನ್ನಿ ಅಂತ ಸದಾನಂದಣ್ಣನಿಗೆ, ನನ್ನ ಹೆಸರೇ ಹೇಳು, ಚೀಟಿ ಕಳಿಸಿದೆ, ಪಾದ್ರಿಗಳೇ ಬರ್ಲಿಲ್ಲ, ಅದಕ್ಕೆ ನಾನು ಮಾಡಿದೆ ಅನ್ನು. ಆಗ ತಪ್ಪು ಯಾರದಾಯ್ತು? ಪಾದ್ರಿಯದ್ದೇ. ನಾನು ಕರೀಲಿಕ್ಕೆ ಹೋಗಿದ್ದೆ, ಪಟ್ಟಿಯಲ್ಲಿಲ್ಲದವನಿಗೆ ಭೋಜನ ಇಲ್ಲ ಅಂದ್ರು ಮಹಾನುಭಾವರು. ಅಂಥವರ ಬಾಯಲ್ಲಿ ದೇವರ ವಾಕ್ಯ ಬೇರೆ.

ಎಂಥ? ಪಾದ್ರಿ ಹಾಗೆ ಅನ್ಲಿಲ್ವಾ? ನಿನಗೆ ಹೇಗೆ ಗೊತ್ತು?

ನೀನು ಈಗ ಡ್ಯೂಟಿಯಿಂದ ಬಂದದ್ದಲ್ವಾ? ...ಮತ್ತೆ? ...ಪಾದ್ರಿ ಮನೆಯಿಂದಾ?

ಎಂಥ ಹೇಳಿದ್ರು? ಬಾಯಿ ಬಿಡು ಮಾರಾಯ್ತಿ. ಯಾರೂ ಕರೀಲಿಕ್ಕೆ ಬರ್ಲೇ ಇಲ್ಲ ಅಂದ್ರಾ? ಸುಳ್ಳು. ಹೋಗಿದ್ದೆ. ಅವರ ಜಗಲಿಯಲ್ಲೇ ಕೂತಿದ್ದೆ. ಹಿರಿಯರೆಲ್ಲ ಇದ್ರು. ಬೆಳೆ ಹಬ್ಬದ ಏಲಮಿನ, ಹರಾಜಿನ ಮಾತು ನಡೀತಿತ್ತು, ಯಾರ ಮನೆಯ ಕುಂಬಳಕಾಯಿ ಮೊದಲು ಕೂಗುವುದು ಅಂತ. 'ಏನು ಬಂದದ್ದು ಸದಾನಂದ?' ಅಂತ ಕೇಳಿದ್ರು ಪಾದ್ರಿಗಳು. ನಿನ್ನ ಚೀಟಿ ಜೇಬಿನಲ್ಲಿತ್ತು. ಅಷ್ಟು ಜನರ ಎದುರು ಬಾಬುವಿನ ಹೆಸರು ಎತ್ತಬೇಕಿತ್ತು. ಇಷ್ಟು ವರ್ಷ ನಾನು ಆ ಹೆಸರು ಬಾಯಿಗೆ ತಂದವನಲ್ಲ... ಏಲಮಿನ ವಿಷಯಕ್ಕೇ ಬಂದೆ ಅಂದೆ. ಚಹಾ ಕೊಟ್ರು. ಕುಡಿದೆ.

ಬೈದುಬಿಡು. ಇಷ್ಟು ಹೊತ್ತು ನಾನು ಉಗುಳಿದ್ದು ಯಾರ ಮುಖಕ್ಕೆ ಅಂತ ನಿನಗೆ ಗೊತ್ತಾಯ್ತಲ್ಲ.

ಎಲ್ಲಿ ಹೊರಟದ್ದು? ನಿಲ್ಲು. ಚೀಟಿಯ ವಿಷಯ ಪಾದ್ರಿಗೆ ಹೇಳಿದ್ಯಾ? ನನ್ನ ಹೆಸರು ಎತ್ತಿದ್ಯಾ? ...ತಲೆ ಅಲ್ಲಾಡಿಸ್ತಿಯಲ್ಲ, ಹೇಳ್ಲಿಲ್ವಾ? ನಾಳೆ ಹೇಳ್ತಿಯಾ? ...ಅದೂ ಇಲ್ವಾ?

ಹಾಗಾದ್ರೆ ನಿನ್ನನ್ನು ಹೊರಗೆ ಹಾಕ್ತಾರೆ, ಗೊತ್ತುಂಟಲ್ಲ? ನೀನು ಸುಮ್ಮನಿದ್ರೆ ನಾನೂ ಸುಮ್ಮನೇ ಇರ್ತೇನೆ ವಿನೋದಾ, ನಾನು ಅಂಥವನೇ. ಅದೂ ಗೊತ್ತುಂಟು ನಿನಗೆ... ಗೊತ್ತಿದ್ದೂ ಹೋಗ್ತಾ ಇದ್ದಿ.