ಗಂಡು ಮರಕ್ಕೆ ನನ್ನ ಹೆಸರು

ಸಭೆಯ ಅಧ್ಯಕ್ಷರೇ, ಮೂಡಬಿದ್ರೆಯಿಂದ ದಯಮಾಡಿಸಿರುವ ಅತಿಥಿಗಳೇ, ಸಹೋದ್ಯೋಗಿಗಳೇ, ನನ್ನಿಂದ ಪಾಠವನ್ನೂ ಪೆಟ್ಟನ್ನೂ ಸಮಪ್ರಮಾಣದಲ್ಲಿ ಪಡೆದ ವಿದ್ಯಾರ್ಥಿಗಳೇ, ಬೆಳ್ತಂಗಡಿಯ ಸಮಸ್ತ ಸಭಿಕರೇ,

ನಿವೃತ್ತನಾಗುವ ಮಾಸ್ತರನನ್ನು ಹೊಗಳುವುದು ರೂಢಿ. ಆದರೆ ಅತಿಥಿಗಳು ಇಂದು ನನ್ನನ್ನು ಹೊಗಳಿದ್ದು ಒಂದು ಮರಕ್ಕಾಗಿ. ಸುಬ್ಬಯ್ಯ ಮಾಸ್ತರರು ವಾಮದಪದವಿನ ಹತ್ತಿರ ಹೊಸ ಜಾತಿಯ ಮರ ಕಂಡುಹಿಡಿದರು, ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ ಎಂದರು. ನಿಜ, ಇಟ್ಟಿದ್ದಾರೆ. ಹೆಸರಿಗೆ ಲ್ಯಾಟಿನ್ನಿನ ಒಂದು ಬಾಲವನ್ನೂ ಸೇರಿಸಿದ್ದಾರೆ. ತಾನು ಮದುವೆಯಾದದ್ದು ಬಾಲವಿಲ್ಲದ ಸುಬ್ಬಯ್ಯನನ್ನು ಎನ್ನುತ್ತಾಳೆ ನನ್ನ ಹೆಂಡತಿ ದಮಯಂತಿ. ಆದರೆ ನಾನು ಕಂಡುಹಿಡಿದೆನೇ? ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹೇಳದೆ ಕೂರಲು ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಐವತ್ತೆಂಟನೇ ಇಸವಿ. ರಜೆ ಬಂತೆಂದರೆ ಗಿಡಮರಗಳ ಮಾದರಿ ಸಂಗ್ರಹಿಸುವ ಹುಚ್ಚು ನನಗೆ. ಮರ ಹತ್ತಿ ಕೊಂಬೆ ಕೊಯ್ದು ಕೊಡುತ್ತಿದ್ದವರು ಚನಿಯಪ್ಪನವರು. ಈಗ ವೇದಿಕೆಯಲ್ಲಿ ಚನಿಯಪ್ಪನವರು ಎನ್ನುತ್ತೇನೆ, ಆಗ ಬರೀ ಚನಿಯ ಎನ್ನುತ್ತಿದ್ದೆ. ನೀರು ಹರಿಯುವ ಒಂದು ತೋಡಿನ ಬದಿಯಲ್ಲಿ ಎಂಟು ಮರಗಳಿದ್ದವು. ಏಳರಲ್ಲಿ ಕಾಯಿ, ಒಂದರಲ್ಲಿ ಬರೀ ಹೂವಿನ ಗೊಂಚಲು. ಕಾಯಿ ಬಿಟ್ಟದ್ದು ಸಾಮಾನ್ಯ ಜಾತಿ, ಹೂವಿನದ್ದು ಯಾವ ಪುಸ್ತಕದಲ್ಲೂ ಇಲ್ಲದ ಜಾತಿ ಎಂದು ನಾನು ತೀರ್ಮಾನಿಸಿದೆ.

ಚನಿಯಪ್ಪನವರು ಕೊಂಬೆಯ ಮೇಲಿಂದಲೇ ಹೇಳಿದರು: “ಎರಡೂ ಒಂದೇ ಮಾಸ್ಟ್ರೇ. ಇದು ಗಂಡು, ಅವು ಹೆಣ್ಣು. ಇದೊಂದು ಇಲ್ಲದಿದ್ರೆ ಅವಕ್ಕೆ ಕಾಯಿ ಎಲ್ಲಿಂದ?”

“ನೀನು ಕೊಂಬೆ ಕಡಿ ಮಾರಾಯ, ಪಾಠ ನಾನು ಮಾಡ್ತೇನೆ,” ಎಂದೆ.

ಮಾದರಿಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ಚೀಟಿ ಅಂಟಿಸಿ, ಮದರಾಸಿನಲ್ಲಿದ್ದ ಒಬ್ಬ ಸಸ್ಯಶಾಸ್ತ್ರಜ್ಞರಿಗೆ ಕಳುಹಿಸಿದೆ. ಆ ಚೀಟಿಯಲ್ಲಿ ‘ಊರಿನವರು ಹೇಳುವುದು’ ಎಂಬ ಅಂಕಣವುಂಟು. ಅದನ್ನು ಖಾಲಿ ಬಿಟ್ಟೆ. ಹೊಸ ಜಾತಿಯೆಂದು ಒಪ್ಪಿ ನನ್ನ ಹೆಸರಿಟ್ಟ ಆ ಪಂಡಿತರನ್ನು ಹೇಗೆ ದೂರಲಿ? ಅವರು ನೋಡಿದ್ದು ಒಣಗಿದ ಕೊಂಬೆಯನ್ನು, ನಂಬಿದ್ದು ನನ್ನನ್ನು.

ಅರುವತ್ತೊಂದರಲ್ಲಿ ಕಾಶ್ಮೀರದ ಪಾಪ್ಲರ್ ಮರಗಳ ಬಗ್ಗೆ ಒಂದು ಪುಸ್ತಕ ಕೈಗೆ ಬಂತು. ಪಾಪ್ಲರಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇಂಥ ಮರಗಳ ಗಂಡು ಹೆಣ್ಣುಗಳನ್ನು ಎರಡು ಜಾತಿಯೆಂದು ಎಣಿಸಿ ಬೇಸ್ತು ಬಿದ್ದ ಪಂಡಿತರೂ ಇದ್ದಾರೆ ಎಂದು ಅದರಲ್ಲಿತ್ತು. ಚನಿಯಪ್ಪನವರು ಹೇಳಿದ್ದೇ ಸರಿ ಎಂದು ಆಗ ತಿಳಿಯಿತು. ಮದರಾಸಿಗೆ ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಬರೆದೆನೇ? ಇಲ್ಲ. ಬರೆದರೆ ಹೆಸರು ಹೋಗುತ್ತಿತ್ತು.

ಮರುವರ್ಷ ಬೆಂಕಿಕಡ್ಡಿಗೆಂದು ಮರ ಕಡಿಯುವವರು ಬಂದರು. ಯಾವುದನ್ನು ಉಳಿಸಬೇಕೆಂದು ಅರಣ್ಯದವರು ನನ್ನನ್ನೇ ಕೇಳಿದರು. ಒಂದು ಅಪರೂಪದ್ದು, ಉಳಿದ ಏಳು ಸಾಮಾನ್ಯದವು ಎಂದು ಸಹಿ ಹಾಕಿ ಕೊಟ್ಟೆ. ಗೊತ್ತಿದ್ದೂ ಕೊಟ್ಟೆ, ಸಭಿಕರೇ. ಏಳು ಹೆಣ್ಣು ಮರಗಳೂ ಲಾರಿ ಹತ್ತಿದವು. ಗಂಡು ಮರ ಈಗಲೂ ನಿಂತಿದೆ. ಸುತ್ತ ಬೇಲಿ, ಎದುರಿಗೆ ನನ್ನ ಹೆಸರಿನ ಹಲಗೆ. ಅದಾಗಿ ಐದು ವರ್ಷ, ಆ ತೋಡಿನ ಬದಿಯಲ್ಲಿ ಆ ಜಾತಿಯ ಒಂದು ಹೊಸ ಸಸಿಯೂ ಹುಟ್ಟಿಲ್ಲ.

ನಿನ್ನೆ ಮದರಾಸಿಗೆ ನಿಜ ಬರೆದು ಹಾಕಿದ್ದೇನೆ. ಆ ಹೆಸರು ಇನ್ನು ಹೆಚ್ಚು ದಿನ ಬಾಳಲಾರದು. ಅದಕ್ಕೂ ಮೊದಲು, ಕಳೆದ ವಾರ, ಚನಿಯಪ್ಪನವರ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಎಲೆಅಡಿಕೆಯ ಹರಿವಾಣ ಮುಂದಿಟ್ಟರು, ಬೈಯಲಿಲ್ಲ. ಆ ಸುತ್ತಿನಲ್ಲಿ ಎಲ್ಲಾದರೂ ಕೊಡಲಿಗೆ ಸಿಗದೆ ಒಂದು ಹೆಣ್ಣು ಮರ ಉಳಿದಿದೆಯೇ ಎಂದು ಕೇಳಿದೆ.

“ಒಂದು ಉಂಟು ಮಾಸ್ಟ್ರೇ,” ಎಂದರು. “ಎಲ್ಲಿ ಅಂತ ನಿಮಗೆ ಮಾತ್ರ ಹೇಳುವುದಿಲ್ಲ.”

ಅವರು ಮಾಡಿದ್ದು ಸರಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.