ಇಬ್ರಿಗೂ ಒಂದೇ ಧಾಟಿ

…ಇಲ್ಲ ಸಿದ್ದರಾಮಣ್ಣ, ಜಗಳ ಕಾಯಕ್ಕೆ ಬಂದಿಲ್ಲ. ಎದ್ದು ನಿಂತ್ಕಬ್ಯಾಡ, ಕೂತ್ಕ. ಮಾದೇಶನ ಎಂಡ್ತಿ ಯಶೋದ ಓಗಿ ಸಿದ್ದರಾಮನ ಸ್ಟುಡಿಯೋ ಬಾಗ್ಲು ತಟ್ಟುದ್ಲು ಅಂತ ಕೊಳ್ಳೇಗಾಲದಲ್ಲಿ ಆಡ್ಕಳೋರು ಆಡ್ಕಳ್ಳಿ. ಟೀ ಬ್ಯಾಡ. ಕತ್ಲಾಗೋಕೆ ಮುಂಚೆ ಹನೂರು ಸೇರ್ಕಬೇಕು.

ಧಾಟಿ ಕದ್ದವ್ನೆ ಅಂತ ನಮ್ಮನೆಯೋರ ಮ್ಯಾಲೆ ಯೂಟ್ಯೂಬ್ಗೆ ಬರ್ದಾಕಿದ್ದೀಯಲ್ಲ, ಆ ಕಂಪ್ಲೇಂಟ್ ವಾಪಸ್ ತಕ. ಅದೊಂದೇ ಕೇಳಕ್ಕೆ ಬಂದಿರದು.

ಯಾಕಣ್ಣ ಅಂಗೆ ನಗ್ತೀಯ? ಮೊದ್ಲು ಹಾಡಿ ಆಕ್ದೋನು ನೀನು, ಸರಿ. ಆದ್ರೆ ಧನಗೆರೆ ದೊಡ್ಡಮಾದಯ್ಯನೋರು ಆ ಧಾಟಿ ಯೇಳ್ಕೊಡುವಾಗ ನೀವಿಬ್ರೂ ಒಂದೇ ಚಾಪೆ ಮೇಲೆ ಕೂತಿರ್ನಿಲ್ವಾ? ಹಾಡ್ನಲ್ಲಿ ಒಬ್ಬ ಮರ್ತ ಸಾಲ್ನ ಇನ್ನೊಬ್ಬ ಎತ್ಕತಿದ್ದ. ಮದ್ವೆ ಮನೆ, ಸಾವಿನ ಮನೆ, ಎಲ್ಲಿ ಕರುದ್ರೂ ಒಂದೇ ಸ್ಕೂಟ್ರಲ್ಲಿ ಓಗಿ ಹಾಡ್ಬುಟ್ಟು ಬತ್ತಿದ್ರಿ. ಆ ಅಯ್ಯನೋರು ಇರೋಗಂಟ ಇದು ನಂದು ಅಂತ ಒಂದಿನ ಅನ್ನಿಲ್ಲ. ಅವ್ರು ತೀರ್ಕಂಡ್ಮೇಲೆ ನೀವು ನಂದು ನಂದು ಅಂತ ಕಿತ್ತಾಡುದ್ರಿ.

ನಮ್ಮೋರ್ದೂ ತಪ್ಪದೆ, ಇಲ್ಲ ಅನ್ನಲ್ಲ. ಅಗರದ ಕಾರ್ಯಕ್ರಮದಲ್ಲಿ ಮೈಕ್ ಇಡ್ಕಂಡು ನಿನ್ನ ಕಳ್ಳ ಅಂದ್ಬುಟ್ರು. ಜನದ್ಮುಂದೆ ಅಂಗನ್ನಬಾರ್ದಾಗಿತ್ತು. ಅವತ್ತೇ ನಾನು ಬೈದೆ. ಅದ್ಕೇ ನೀನು ಅವ್ರ ಹಾಡ್ನೆಲ್ಲ ಉಡುಕಿ ಉಡುಕಿ ಕಂಪ್ಲೇಂಟ್ ಕೊಟ್ಟೆ. ಈಗ ಚಾನೆಲ್ಲೇ ತೆಗುದಾಕ್ತರಂತೆ. ಒಂದು ಹಾಡಲ್ಲ ಕಣಣ್ಣ, ಎಲ್ಲಾವೂ. ಅವ್ರು ಇಷ್ಟು ವರ್ಷ ಹಾಡಿರದೆಲ್ಲ ಅದ್ರೊಳ್ಗೇ ಇರದು. ಕಂಪ್ಯೂಟ್ರು ಕೆಟ್ಟೋದಾಗ ಅದ್ರಲ್ಲಿದ್ದವು ಓಗ್ಬುಟ್ವು. ಬ್ಯಾರೆ ಎಲ್ಲೂ ಇಲ್ಲ.

ಏನಂದೆ? ವಸ್ದಾಗಿ ಹಾಡಿ ಇನ್ನೊಂದ್ಸಲ ಆಕ್ಲಿ ಅಂತೀಯ?

…ಉಂ. ಆಕ್ಬೋದು.

ಅವ್ರೇ ಯಾಕೆ ಬರ್ನಿಲ್ಲ ಅಂದ್ರೆ… ನಿಂಗೊತ್ತಲ್ಲ ಅವ್ರ ಅಟ. ನಿನ್ನ ಮೊಕ ನೋಡಲ್ಲ ಅಂತ ಕೂತವ್ರೆ. ನಾನಿಲ್ಲಿಗೆ ಬಂದಿರದೂ ಗೊತ್ತಿಲ್ಲ.

ಬ್ಯಾಡ, ಪೋನ್ ತಗೀಬ್ಯಾಡ. ತಪ್ಪಾಯ್ತು ಅಂತ ಅವ್ನ ಬಾಯಲ್ಲೇ ಒಂದ್ಮಾತು ಅನ್ಲಿ, ಈಗ್ಲೇ ವಾಪಸ್ ತಕತೀನಿ ಅಂತೀಯ. ನ್ಯಾಯವೇ ಅಣ್ಣ. ನಾನಾಗಿದ್ರೂ ಅದ್ನೇ ಕೇಳ್ತಿದ್ದೆ. ಆದ್ರೆ ಈಗ ಒಲದ್ತಾವ ಇರ್ತರೆ, ಎತ್ತಲ್ಲ. ಬುಡು, ನಾನೇ ನಾಳೆ ಮಾಡುಸ್ತೀನಿ…

ಎತ್ತುದ್ರಾ?

ನಿನ್ನ ನಂಬ್ರ ನೋಡಿ ಎತ್ತವ್ರೆ.

…

ಲೇ ಮಾದೇಶ, ಲೇ ಅಂತ ಕೂಗ್ತಿದ್ದೋನು ನನ್ನೇ ಯಾಕೆ ನೋಡ್ತೀಯ? ಅಂಗ್ ನೋಡ್ಬ್ಯಾಡ.

…ಉಸ್ರು ಬರ್ತದಲ್ಲ, ಅದು ಅವ್ರದ್ದೇ. ಕುತ್ಗೇಲಿ ಡಾಕ್ಟ್ರು ತೂತು ಮಾಡವ್ರೆ, ಅಲ್ಲಿಂದ ಬರದು.

ಅಗರದಿಂದ ಬಂದ್ಮೇಲೆ ಗಂಟ್ಲಲ್ಲಿ ಗೆಡ್ಡೆ ಅದೆ ಅಂತ ಗೊತ್ತಾಯ್ತು. ಮೈಸೂರಲ್ಲಿ ಆಪ್ರೇಸನ್ ಮಾಡಿ ಧ್ವನಿಪೆಟ್ಗೇನೇ ತಗುದ್ರು. ಸಿದ್ದರಾಮನಿಗೆ ಮಾತ್ರ ಯೇಳ್ಕೂಡ್ದು ಅಂತ ನನ್ನ ಕೈಲಿ ಆಣೆ ಇಡುಸ್ಕಂಡೇ ಆಪ್ರೇಸನ್ಗೆ ಒಳಿಕ್ಕೋಗಿದ್ರು. ಈಗ ಸಂಜೆ ಆಯ್ತು ಅಂದ್ರೆ ತಮ್ಮ ಹಾಡ್ನ ತಾವೇ ಆಕ್ಕಂಡು ತುಟಿ ಆಡುಸ್ತರೆ. ಅದೂ ಓಗ್ಬುಟ್ರೆ ಇನ್ನೇನದೆ ಅಣ್ಣ ಅವರ್ಗೆ?

ಪೋನ್ ಇಡ್ಬ್ಯಾಡ. ಅವ್ರು ಕಿವೀಲೇ ಇಟ್ಕಂಡವ್ರೆ. ನೀನೇ ಏನಾದ್ರೂ ಒಂದ್ಮಾತು ಆಡು.