ರುಚಿ ನೋಡದ ಸಾರು

೨೦೦೪ರ ಒಂದು ಮಧ್ಯಾಹ್ನ ಕೀಲ್ಪಾಕಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ತಂದೆ, ಮಗಳು ನಿಂತಿದ್ದರು. ತಂದೆಯ ಹಣೆಯಲ್ಲಿ ಅಂಗಾರ ಅಕ್ಷತೆ. ಮಗಳ ಕೈಯಲ್ಲಿ ಹೋಟೆಲಿನ ಬಿಳಿ ಕೋಟು. ಸುತ್ತಲಿನ ತಮಿಳಿನ ನಡುವೆ ಕನ್ನಡ ಕಿವಿಗೆ ಬಿದ್ದು ನನ್ನ ಜಪ ತಪ್ಪಿತು.

“ನಿಮ್ಮ ಹೋಟೆಲಿಗೆ ಬಂದಿರೋ ಆ ಅಮೆರಿಕದ ಚೆಫ್ ಏನಂದ, ಸರಿಯಾಗಿ ಹೇಳು ಸುಮೇಧಾ.”

“ಇವತ್ತೂ ರುಚಿ ನೋಡದೆ ಸಾರು ಕಳಿಸಿದ್ರೆ ನಾಳೆಯಿಂದ ಬರಬೇಡ ಅಂದ್ರು ಅಪ್ಪಾ.”

“ನಿನ್ನೆ ಉಪ್ಪು ಹೆಚ್ಚುಕಮ್ಮಿ ಆಗಿತ್ತಾ?”

“ಕರೆಕ್ಟಾಗಿತ್ತು. ಅದಕ್ಕೇ ಇನ್ನೂ ಕೋಪ ಬಂತು. ಅದೃಷ್ಟ ನಂಬ್ಕೊಂಡು ಅಡುಗೆ ಮಾಡ್ತೀಯಾ ಅಂದ್ರು.”

“ಅದೃಷ್ಟ ಅಲ್ಲ, ಮೂಗು. ನಲವತ್ತು ವರ್ಷ ಮಠದಲ್ಲಿ ನೈವೇದ್ಯಕ್ಕೆ ಮಾಡಿದೀನಿ. ಒಂದು ಹನೀನೂ ಮೊದಲು ನಾಲಿಗೆಗೆ ಹಚ್ಚಿಲ್ಲ.”

“ತಾವು ಪಾತ್ರೆ ತೊಳೆಯೋ ಕೆಲಸದಿಂದ ಶುರುಮಾಡಿ ಅಷ್ಟು ಪ್ರಶಸ್ತಿ ತಗೊಂಡಿದ್ದು ರುಚಿ ನೋಡೋ ಚಮಚದಿಂದಲೇ ಅಂತಾರೆ ಅವರು.”

“ಹಾಗಾದ್ರೆ ಬಿಟ್ಟು ಬಾ.”

“ಬಿಡಲ್ಲ. ಇಡೀ ಕಿಚನ್ನಲ್ಲಿ ಪಕ್ಕ ನಿಲ್ಲಿಸ್ಕೊಂಡು ಕಲಿಸ್ತಿರೋದು ನನಗೊಬ್ಬಳಿಗೇ. ಆದ್ರೆ ಚಮಚ ಎತ್ತಿದ್ರೆ ದೇವರಿಗಿಂತ ಮುಂಚೆ ತಿಂದ ಹಾಗಾಗತ್ತೆ.”

ತಿರುವಿನಲ್ಲಿ ಬಸ್ಸು ಕಾಣಿಸಿತು.

“ಒಲೆಯಿಂದ ಇಳಿಸಿದ ಕೂಡಲೇ ಮನಸ್ಸಲ್ಲೇ ಕೃಷ್ಣಾರ್ಪಣ ಅನ್ನು. ಆಮೇಲೆ ಅದು ಪ್ರಸಾದ. ಆ ಚೆಫ್ ಎದುರೇ ರುಚಿ ನೋಡು.”

“ಅಲ್ಲಿ ಮೀನು, ಮೊಟ್ಟೆ ಎಲ್ಲ ಬೇಯತ್ತೆ ಅಪ್ಪಾ. ಅಲ್ಲಿಗೆ ಕೃಷ್ಣ ಬರ್ತಾನಾ?”

“ಅಂಥಾ ಕಡೆಗೆ ನಿನ್ನೊಬ್ಬಳನ್ನೇ ಕಳಿಸಿ ಅವನು ಸುಮ್ಮನೆ ಕೂತಿರ್ತಾನೇನೇ? ಏರು, ವಂಡಿ ಹೊರಡತ್ತೆ.”

ಅವಳು ಬಸ್ಸು ಹತ್ತಿದಳು. ಬಸ್ಸು ಮರೆಯಾಗುವವರೆಗೂ ತಂದೆಯ ತುಟಿಗಳು ಅಲುಗುತ್ತಿದ್ದವು. ಆಮೇಲೆ ಅವರೂ ನಡೆದುಹೋದರು.